ಟ್ರಂಕಿನಿಂದ ತೆಗೆದ ಲೆನ್ಸುಗಳು: ಬಾಲ್ಯದ ಸಾಮಾನಿನ ಫೋಟೊ, ಬಾಲ್ಯದ ಸಾಮಾನಿನಿಂದಲೇ

ಬಾಲ್ಯದ ಸಾಮಾನಿನ ಫೋಟೊ ತೆಗೆಯಲು ಹೊರಟವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಬಿಳಿ ಚಾರ್ಟ್ ಪೇಪರ್ ಹಾಸಿ, ನಡುವೆ ಚನ್ನಪಟ್ಟಣದ ಬೊಂಬೆ ಇಟ್ಟು, ಮೇಲಿನಿಂದ ಲೈಟು ಬಿಟ್ಟು, ಅಂಚಿನಿಂದ ಅಂಚಿಗೆ ಚೂಪಾಗಿ ಒಂದು ಫೋಟೊ. ಬರುವುದು ಅಂಗಡಿಯ ಕ್ಯಾಟಲಾಗಿನ ಚಿತ್ರ. ಬೊಂಬೆಯ ಬಣ್ಣ ಸರಿಯಾಗಿರುತ್ತದೆ, ಅಳತೆ ಸರಿಯಾಗಿರುತ್ತದೆ, ಆದರೆ ಅದನ್ನು ನೆಲದ ಮೇಲೆ ಮಲಗಿ ಮೂಗಿನ ಹತ್ತಿರ ಹಿಡಿದು ನೋಡಿದ ಕಣ್ಣು ಅದರಲ್ಲಿ ಎಲ್ಲೂ ಇರುವುದಿಲ್ಲ.

ಇಲ್ಲಿ ಬರೆದಿರುವುದು ಬೇರೆ ದಾರಿ. ಟ್ರಂಕಿನ ಸಾಮಾನನ್ನು ಕ್ಯಾಮೆರಾದ ಎದುರಿಗೆ ಇಡುವುದಷ್ಟೇ ಅಲ್ಲ, ಅದರಲ್ಲೇ ಒಂದನ್ನು ಕ್ಯಾಮೆರಾದ ಕಣ್ಣಾಗಿ ಕೂಡಿಸುವುದು. ಹಳೆಯ ಡಬ್ಬಿ ಕ್ಯಾಮೆರಾದ ಗಾಜು, ಸೋಡಾ ಬಾಟಲಿಯ ಗೋಲಿ, ಅಜ್ಜನ ಓದುವ ಕನ್ನಡಕ, ಈ ಮೂರೂ ಲೆನ್ಸುಗಳೇ. ಮೂರಕ್ಕೂ ಅವುಗಳದೇ ದೋಷಗಳಿವೆ, ಚಿತ್ರದ ಸ್ವಭಾವ ಆ ದೋಷಗಳಿಂದಲೇ ಬರುತ್ತದೆ. ಏನು ತೆಗೆಯಲಿ ಎಂದು ತೋಚದೆ ಕೂತವರಿಗೆ ಇದಕ್ಕಿಂತ ಒಳ್ಳೆಯ ಶುರು ನಮಗೆ ಕಂಡಿಲ್ಲ. ಈ ಗಾಜಿನಿಂದ ಏನು ಆಗುವುದಿಲ್ಲ ಎಂದು ಗೊತ್ತಾದ ಮೇಲೆ, ಇದರಿಂದ ಏನು ತೆಗೆಯಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಸಮಯದ ವಿಷಯ ಒಂದು ಮಾತು. ಮುಂಬಯಿಯ ಮಾಟುಂಗದ ಕನ್ನಡ ಮನೆಗಳಲ್ಲಿ ನವರಾತ್ರಿಗೆ ಮುಂಚೆ ಗೊಂಬೆಯ ಟ್ರಂಕು ಅಟ್ಟದಿಂದ ಇಳಿಯುವ ವಾರವೇ ಈ ಕೆಲಸಕ್ಕೆ ತಕ್ಕದ್ದು. ಪಟ್ಟದ ಬೊಂಬೆಗಳ ಜೊತೆಗೆ ಬುಗುರಿ, ಕವಡೆ, ಸ್ಲೇಟು, ಆಟದ ಹಿತ್ತಾಳೆ ಪಾತ್ರೆ, ಮತ್ಸ್ಯಗಂಧ ರೈಲಿನಲ್ಲಿ ಊರಿಂದ ಬಂದ ಚೆನ್ನೆಮಣೆ ಎಲ್ಲವೂ ಹೊರಗೆ ಬಂದಿರುತ್ತವೆ. ಮಳೆ ಹಿಂದೆ ಸರಿಯುತ್ತಿರುವುದರಿಂದ ಮೋಡದ ಮೆತ್ತನೆ ಬೆಳಕೂ ಪುಕ್ಕಟೆ ಸಿಗುತ್ತದೆ.

ಮೊದಲು ಎರಡು ರಾಶಿ

ಟ್ರಂಕನ್ನು ಹಾಸಿದ ಹಳೆಯ ಸೀರೆಯ ಮೇಲೆ ಖಾಲಿ ಮಾಡಿ ಎರಡು ರಾಶಿ ಮಾಡಿಕೊಳ್ಳಿ. ಬೆಳಕು ಹಾದುಹೋಗುವ ಸಾಮಾನು ಒಂದು ಕಡೆ: ಗೋಲಿ, ಬಳೆಚೂರು, ಕನ್ನಡಕ, ಭೂತಗನ್ನಡಿ, ಹಳೆಯ ಕ್ಯಾಮೆರಾ, ಬಣ್ಣದ ಜಿಲೆಟಿನ್ ಹಾಳೆ. ಬೆಳಕು ಬಿದ್ದು ನಿಲ್ಲುವ ಸಾಮಾನು ಇನ್ನೊಂದು ಕಡೆ. ಮೊದಲ ರಾಶಿ ಉಪಕರಣ, ಎರಡನೆಯದು ವಸ್ತು. ಒಂದೊಂದು ಚಿತ್ರಕ್ಕೂ ಎರಡೂ ರಾಶಿಯಿಂದ ಒಂದೊಂದನ್ನು ಎತ್ತಿಕೊಂಡು ಜೋಡಿ ಮಾಡಬೇಕು. ಒಂದೇ ಮಗುವಿನ ಕೈಯಲ್ಲಿದ್ದ ಗೋಲಿ ಮತ್ತು ಬುಗುರಿ, ಒಂದೇ ಮೇಜಿನ ಮೇಲಿದ್ದ ಕನ್ನಡಕ ಮತ್ತು ಸ್ಲೇಟು, ಹೀಗೆ. ಜೋಡಿಗೆ ಕಾರಣವಿದ್ದರೆ ಚಿತ್ರಕ್ಕೂ ಕಾರಣವಿರುತ್ತದೆ.

ತೊಳೆಯುವ ಆಸೆಗೆ ಇಲ್ಲೇ ತಡೆ ಹಾಕಬೇಕು. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವುದು ಅರಗು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್, ಐಸೊಪ್ರೊಪೈಲ್, ಲೆನ್ಸ್ ಒರೆಸುವ ತೇವದ ಕಾಗದ, ಯಾವುದೂ ಅದಕ್ಕೆ ತಾಗಬಾರದು. ತಾಗಿದರೆ ಬಣ್ಣ ಬಟ್ಟೆಗೆ ಬಂದು ಆ ಜಾಗ ಮಂಕಾಗುತ್ತದೆ, ಮತ್ತೆ ಕಡಚಲು ಯಂತ್ರಕ್ಕೆ ಹಾಕದೆ ಅದು ಸರಿಹೋಗುವುದಿಲ್ಲ. ಒಣ ಬ್ರಶ್ಶಿನಿಂದ ದೂಳು ತೆಗೆದು ಮೆತ್ತನೆ ಹತ್ತಿ ಬಟ್ಟೆಯಿಂದ ಉಜ್ಜಿದರೆ ಸಾಕು. ಬಿಸಿಗೂ ಅರಗು ಮೆದುವಾಗುತ್ತದೆ, ಆದ್ದರಿಂದ ಹ್ಯಾಲೊಜೆನ್ ದೀಪ ಹತ್ತಿರ ಇಡಬೇಡಿ. ಹಿತ್ತಾಳೆಯ ಆಟದ ಪಾತ್ರೆಗೆ ಹುಣಸೆಹಣ್ಣು ಹಚ್ಚಬೇಡಿ. ಆ ಕಂದು ಬಣ್ಣ ಕೂಡಿಬರಲು ವರ್ಷಗಳು ಹಿಡಿದಿವೆ, ಉಜ್ಜಿದ ಹಿತ್ತಾಳೆ ಕ್ಯಾಮೆರಾಗೆ ಬರೀ ಬಿಳಿ ಹೊಳಪಾಗಿ ಕಾಣುತ್ತದೆ. ಸ್ಲೇಟಿನ ಮೇಲೆ ಬಳಪದ ಹಳೆಯ ಗೀಟು ಉಳಿದಿದ್ದರೆ ಅದನ್ನು ಮುಟ್ಟಲೇಬೇಡಿ.

ಡಬ್ಬಿ ಕ್ಯಾಮೆರಾದ ಗಾಜು

ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಆಗ್ಫಾ ಹೆಸರಿನಲ್ಲಿ ಮಾಡುತ್ತಿದ್ದ ಕ್ಲಿಕ್ ಥ್ರೀ ಭಾರತದ ಎಷ್ಟೋ ಮನೆಗಳಲ್ಲಿ ಮೊದಲ ಕ್ಯಾಮೆರಾ. 120 ಫಿಲ್ಮು, ರೋಲಿಗೆ 6×6 ಸೆಂ.ಮೀ.ನ ಹನ್ನೆರಡು ಚಿತ್ರ. ಲೆನ್ಸಿನ ನಾಭಿದೂರ (ಫೋಕಲ್ ಲೆಂಗ್ತ್) ಸುಮಾರು 72 ಮಿ.ಮೀ., ಬೆಳಕು ಒಳಬಿಡುವ ದೊಡ್ಡ ತೂತು ಎಫ್/8.8. ನಾಭಿದೂರವನ್ನು ತೂತಿನ ವ್ಯಾಸದಿಂದ ಭಾಗಿಸಿದರೆ ಬರುವುದೇ ಈ ಎಫ್ ಅಂಕಿ. ಇಂಥ ಸರಳ ಲೆನ್ಸು ಬಾಗಿದ ಚಿತ್ರ ಬೀಳಿಸುತ್ತದೆ. ಅದಕ್ಕೆ ಸರಿಹೊಂದಲೆಂದೇ ಒಳಗೆ ಫಿಲ್ಮು ಕೂರುವ ಜಾಗವೂ ಬಾಗಿದೆ. ಈ ಗಾಜನ್ನು ಡಿಜಿಟಲ್ ಕ್ಯಾಮೆರಾಗೆ ಕೂಡಿಸಿದರೆ ಅದರ ಚಪ್ಪಟೆ ಸೆನ್ಸರಿನ ಮೇಲೆ ಅದೇ ಚಿತ್ರ ನಡುವೆ ನಿಚ್ಚಳವಾಗಿ, ಅಂಚಿಗೆ ಹೋದಂತೆ ಕರಗುತ್ತದೆ. ನಮಗೆ ಬೇಕಾದದ್ದು ಅದೇ.

ಮನೆಯಲ್ಲಿರುವ ಕ್ಯಾಮೆರಾ ಕೆಲಸ ಮಾಡುತ್ತಿದ್ದರೆ ಅದನ್ನು ಬಿಚ್ಚಬೇಡಿ. ಅದಕ್ಕೆ ಫಿಲ್ಮು ಹಾಕುವ ದಾರಿ ಮುಂದೆ ಬರುತ್ತದೆ. ಬಿಚ್ಚಲು ಬೇಕಾದದ್ದು ಹಿಂಬಾಗಿಲು ಒಡೆದ, ಶಟರ್ ಸತ್ತ ಇನ್ನೊಂದು. ಅಂಥದ್ದಕ್ಕೆ ಚೋರ್ ಬಜಾರಿನ ಮಟನ್ ಸ್ಟ್ರೀಟ್ ನೋಡಿ. ಕೊಳ್ಳುವ ಮುಂಚೆ ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು ಗಾಜನ್ನು ಪರೀಕ್ಷಿಸಬೇಕು. ಜೇಡರ ಬಲೆಯ ಎಳೆಗಳಂತೆ ಕಂಡರೆ ಶಿಲೀಂಧ್ರ, ಅದು ಹೆಚ್ಚಾಗಿ ತೊಳೆದರೆ ಹೋಗುತ್ತದೆ. ಗಾಜಿನ ಮೇಲ್ಮೈಯೇ ಕೊರೆದುಹೋಗಿದ್ದರೆ ಹೋಗುವುದಿಲ್ಲ. ಮೇಲಿನ ಗೀರುಗಳಿಗೆ ಹೆದರಬೇಕಿಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ, ತುಸು ಮಂಕು ಕೂಡಿಸುತ್ತವೆ ಅಷ್ಟೆ.

ಬಿಚ್ಚುವ ಮೊದಲು ಎರಡು ವಿಷಯ ಬರೆದಿಟ್ಟುಕೊಳ್ಳಬೇಕು. ಗಾಜಿನ ಯಾವ ಮುಖ ಹೊರಗಿದೆ, ಮತ್ತು ತೂತಿನ ತಗಡಿಗೂ ಗಾಜಿಗೂ ನಡುವೆ ಎಷ್ಟು ಮಿ.ಮೀ. ಇದೆ. ಡಬ್ಬಿ ಕ್ಯಾಮೆರಾದ ಲೆನ್ಸು ಒಂದು ಮಗ್ಗುಲು ಉಬ್ಬು, ಇನ್ನೊಂದು ಮಗ್ಗುಲು ತಗ್ಗು. ತಗ್ಗು ಮಗ್ಗುಲು ತೂತಿನ ಕಡೆಗೆ ಇರಬೇಕು. ತಿರುವುಮುರುವಾದರೆ ನಡುವಿನ ಒಂದು ಚುಕ್ಕೆ ಬಿಟ್ಟು ಉಳಿದದ್ದೆಲ್ಲ ಸುಳಿಸುಳಿಯಾಗಿ ಅಳಿಸಿಹೋಗುತ್ತದೆ. ಗಾಜಿನ ಅಂಚಿನ ಮೇಲೆ ಪೆನ್ಸಿಲಿನಿಂದ ಸಣ್ಣ ಬಾಣ ಹಾಕಿ. ತೊಳೆಯುವಾಗ ಅದು ಗಾಜೋ ಪ್ಲಾಸ್ಟಿಕ್ಕೋ ಎಂದು ಮೊದಲು ತಿಳಿದುಕೊಳ್ಳಿ. ಉಗುರಿನಿಂದ ತಟ್ಟಿದರೆ ಗಾಜು ಠಣ್ ಅನ್ನುತ್ತದೆ, ತುಟಿಗೆ ತಣ್ಣಗೆ ತಾಗುತ್ತದೆ. ಗಾಜಾದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಒಂದು ಹನಿ, ಕೊನೆಗೆ ಐಸೊಪ್ರೊಪೈಲ್. ಪ್ಲಾಸ್ಟಿಕ್ಕಾದರೆ ಸೋಪಿನ ನೀರು ಮಾತ್ರ. ಸ್ಪಿರಿಟ್ ತಾಗಿದ ಅಕ್ರಿಲಿಕ್‌ನಲ್ಲಿ ಕೂದಲೆಳೆ ಬಿರುಕು ಬರಬಹುದು.

ನಾಭಿದೂರವನ್ನು ಪುಸ್ತಕದ ಲೆಕ್ಕದ ಮೇಲೆ ನಂಬಿ ಕೂರಬೇಡಿ, ಅಳೆಯಿರಿ. ಕೋಣೆಯ ಲೈಟು ಆರಿಸಿ, ಕಿಟಕಿಯಿಂದ ಕಾಣುವ ದೂರದ ಕಟ್ಟಡದ ಚಿತ್ರವನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಚೂಪಾದಾಗ ಗಾಜಿನಿಂದ ಕಾಗದಕ್ಕೆ ಇರುವ ದೂರ ನೋಡಿ. ಸೂರ್ಯನನ್ನು ಬಳಸಬೇಡಿ, ಕಾಗದ ಸುಡುತ್ತದೆ.

ಇನ್ನು ಕೊಳವೆ. ಬೇಕಾದದ್ದು ಎಂ42 ಮರೆಯ (42 ಮಿ.ಮೀ. ವ್ಯಾಸದ ತಿರುಪಿನ) ಒಂದು ಹೆಲಿಕಾಯ್ಡ್, ಅಂದರೆ ತಿರುಗಿಸಿದರೆ ಉದ್ದವಾಗುವ ಲೋಹದ ಕೊಳವೆ. 36ರಿಂದ 90 ಮಿ.ಮೀ.ವರೆಗೆ ಚಾಚುವುದು ಸಿಗುತ್ತದೆ. ಜೊತೆಗೆ ಎಂ42ನಿಂದ ನಿಮ್ಮ ಕ್ಯಾಮೆರಾಗೆ ತೆಳು ಅಡಾಪ್ಟರ್, ಒಂದು ಎಂ42 ಬಾಡಿ ಕ್ಯಾಪ್ (ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳ), 1 ಮಿ.ಮೀ. ದಪ್ಪದ ಮೌಂಟ್ ಬೋರ್ಡ್, ಕಪ್ಪು ಚಾರ್ಟ್ ಪೇಪರ್, ಕಪ್ಪು ವೆಲ್ವೆಟ್ ಪೇಪರ್, ಫೆವಿಕಾಲ್, ಅರಾಲ್ಡೈಟ್. ಕಾಗದದ ಸಾಮಾನು ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಒಂದೇ ಸುತ್ತಿಗೆ ಮುಗಿಯುತ್ತದೆ, ಡ್ರಿಲ್ಲಿನ ಬಿಟ್ಟುಗಳಿಗೆ ಪಕ್ಕದ ನಾಗದೇವಿ ಸ್ಟ್ರೀಟ್.

ಮೌಂಟ್ ಎಂದರೆ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಬಾಯಿ. ಲೆಕ್ಕ ಸೋನಿ ಇ ಮೌಂಟಿಗೆ ಹೀಗಿದೆ. ಸೆನ್ಸರಿನಿಂದ ಮೌಂಟಿನ ಮುಖಕ್ಕೆ 18 ಮಿ.ಮೀ., ಅಡಾಪ್ಟರ್ 1, ಮಡಿಸಿದ ಹೆಲಿಕಾಯ್ಡ್ 36, ಒಟ್ಟು 55. ದೂರದ ವಸ್ತು ಚೂಪಾಗಬೇಕಾದರೆ ಲೆನ್ಸು 72ರಲ್ಲಿ ಇರಬೇಕು, ಅಂದರೆ ಹೆಲಿಕಾಯ್ಡಿನ ಬಾಯಿಂದ ಇನ್ನೂ 17 ಮಿ.ಮೀ. ಮುಂದೆ. ನಿಕಾನ್ ಝಡ್‌ಗೆ 18ರ ಬದಲು 16, ಫ್ಯೂಜಿ ಎಕ್ಸ್‌ಗೆ 17.7, ಮೈಕ್ರೊ ಫೋರ್ ಥರ್ಡ್ಸ್‌ಗೆ 19.25, ಕ್ಯಾನನ್ ಆರ್‌ಎಫ್‌ಗೆ 20 ಹಾಕಿಕೊಳ್ಳಿ. ಕ್ಯಾನನ್ ಇಎಫ್ ಡಿಎಸ್‌ಎಲ್‌ಆರ್‌ನಲ್ಲಿ ಆ ಅಂತರವೇ 44, ಆದ್ದರಿಂದ 17ರಿಂದ 31ಕ್ಕೆ ಚಾಚುವ ಚಿಕ್ಕ ಹೆಲಿಕಾಯ್ಡ್ ಬೇಕು. ಆಗ ಹತ್ತಿರ ಹೋಗುವ ಶಕ್ತಿ ಕಡಿಮೆಯಾಗುತ್ತದೆ.

17 ಮಿ.ಮೀ. ಕೊಳವೆಗೆ ಕಪ್ಪು ಫಿಲ್ಮ್ ಡಬ್ಬಿಯನ್ನೇ ಕತ್ತರಿಸಿ ಬಳಸುವ ಯೋಚನೆ ಎಲ್ಲರಿಗೂ ಬರುತ್ತದೆ. ಆದರೆ ಆ ಪ್ಲಾಸ್ಟಿಕ್‌ಗೆ ಅರಾಲ್ಡೈಟ್ ಹಿಡಿಯುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಡಬ್ಬಿಯನ್ನು ಅಚ್ಚಾಗಿ ಮಾತ್ರ ಬಳಸಿ: ಅದರ ಸುತ್ತ ಕಪ್ಪು ಚಾರ್ಟ್ ಪೇಪರನ್ನು ಫೆವಿಕಾಲ್ ಹಚ್ಚುತ್ತ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಒಂದು ರಾತ್ರಿ ಒಣಗಿಸಿ, ಡಬ್ಬಿ ಹೊರಗೆಳೆದು, 22 ಮಿ.ಮೀ.ಗೆ ಕತ್ತರಿಸಿ (17 ಹೊರಗೆ ಚಾಚಲು, ಮಿಕ್ಕದ್ದು ಕ್ಯಾಪಿನೊಳಗೆ ಅಂಟಿಸಲು). ಮೌಂಟ್ ಬೋರ್ಡಿನಿಂದ ಎರಡು ಬಳೆ ಕತ್ತರಿಸಿ, ನಡುವಿನ ತೂತು ಗಾಜಿನ ವ್ಯಾಸಕ್ಕಿಂತ 1 ಮಿ.ಮೀ. ಚಿಕ್ಕದು. ಗಾಜು ಈ ಎರಡರ ನಡುವೆ ಕೂರುತ್ತದೆ. ಅಂಟು ಬಳೆಗಳಿಗೆ ಮಾತ್ರ, ಗಾಜಿಗೆ ಇಲ್ಲ. ಫೆವಿಕ್ವಿಕ್ ಈ ಕೆಲಸದ ಹತ್ತಿರ ಸುಳಿಯಬಾರದು, ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಬಾಡಿ ಕ್ಯಾಪಿನ ನಡುವೆ ಕೊಳವೆಗಿಂತ ಅರ್ಧ ಮಿ.ಮೀ. ಚಿಕ್ಕ ತೂತು ಕೊರೆದು, ಅರದಿಂದ ಹಿಗ್ಗಿಸಿ, ಅಂಟಿಸುವ ಜಾಗವನ್ನು 120 ನಂಬರಿನ ಉಪ್ಪುಕಾಗದದಿಂದ ಒರಟು ಮಾಡಿ, ಅರಾಲ್ಡೈಟ್ ಹಾಕಿ. ಪುಡಿ ಒಂದು ಕಣವೂ ಉಳಿಯದಂತೆ ತೊಳೆದು ಒಣಗಿಸದೆ ಕ್ಯಾಮೆರಾಗೆ ಹಾಕಬೇಡಿ.

ತೂತಿನ ತಗಡಿಗೆ ಕಪ್ಪು ಕಾಗದ ಸಾಕು. 8 ಮಿ.ಮೀ. ತೂತು ಎಂದರೆ ಎಫ್/9, 10 ಎಂದರೆ ಎಫ್/7.2, 12 ಎಂದರೆ ಎಫ್/6. ಗಾಜಿನ ವ್ಯಾಸ ಬಿಡುವಷ್ಟು ದೊಡ್ಡದು ಮಾಡಬಹುದು. 8ರಲ್ಲಿ ಚಿತ್ರ ಗಟ್ಟಿ. 12ರಲ್ಲಿ ಹೊಳೆಯುವ ಪ್ರತಿಯೊಂದರ ಸುತ್ತಲೂ ಬೆಳಕು ತುಸು ಹರಡುತ್ತದೆ, ಅರಗಿನ ಬೊಂಬೆಗೆ ಅದು ಬಹಳ ಒಪ್ಪುತ್ತದೆ. ಹಿತ್ತಾಳೆಗೆ 8ನ್ನೇ ಇಟ್ಟುಕೊಳ್ಳಿ.

ಮಂಕು ಬರುವುದು ಏಕೆ

ಕೊಳವೆ ಜೋಡಿಸಿ ಮೊದಲ ಚಿತ್ರ ತೆಗೆದಾಗ ಕಪ್ಪೆಲ್ಲ ಬೂದಿಯಾಗಿ ಕಾಣುತ್ತದೆ. ಬಹಳ ಜನ ಇಲ್ಲೇ, ಹಳೆಯ ಲೆನ್ಸು ಇರುವುದೇ ಹೀಗೆ ಎಂದು ಕೈಬಿಡುತ್ತಾರೆ. ಗಾಜಿಗೆ ಲೇಪನ ಇಲ್ಲದಿರುವುದು ಒಂದು ಕಾರಣ, ಆದರೆ ದೊಡ್ಡ ಕಾರಣ ಬೇರೆ. ಈ ಲೆನ್ಸು 56 ಮಿ.ಮೀ. ಚೌಕದ ಫಿಲ್ಮಿಗೆ ಬೆಳಕು ಚೆಲ್ಲಲು ಮಾಡಿದ್ದು. ಎಪಿಎಸ್‌ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿನ ಅಳತೆ 23.5×15.6 ಮಿ.ಮೀ. ಮಿಕ್ಕ ಬೆಳಕೆಲ್ಲ ಕೊಳವೆಯ ಗೋಡೆಗೆ ಬಡಿದು ಸೆನ್ಸರಿನ ಮೇಲೆ ಉದುರುತ್ತದೆ.

ಎರಡು ಕೆಲಸ ಮಾಡಬೇಕು. ಕೊಳವೆಯ ಒಳಗೋಡೆಗೆ ವೆಲ್ವೆಟ್ ಪೇಪರ್ ಅಂಟಿಸಿ. ಕಪ್ಪು ಬಣ್ಣ ಸಾಲದು, ಓರೆ ಬೆಳಕಿಗೆ ಮ್ಯಾಟ್ ಬಣ್ಣವೂ ಹೊಳೆಯುತ್ತದೆ. ಆಮೇಲೆ ಕಪ್ಪು ಕಾಗದದಲ್ಲಿ 22×16 ಮಿ.ಮೀ. ಆಯತಾಕಾರದ ಕಿಂಡಿ ಕತ್ತರಿಸಿ, ಸೆನ್ಸರಿನಿಂದ 30 ಮಿ.ಮೀ. ಮುಂದೆ, ಹೆಲಿಕಾಯ್ಡಿನ ಚಲಿಸದ ಹಿಂಭಾಗದಲ್ಲಿ ಕೂರಿಸಿ. ಸೋನಿಯಲ್ಲಿ ಅದು ಮೌಂಟಿನ ಮುಖದಿಂದ 12 ಮಿ.ಮೀ. ಹೊರಗೆ ಬರುತ್ತದೆ. ಮೌಂಟಿನ ಒಳಕ್ಕೆ ಏನೂ ಚಾಚಬಾರದು, ಶಟರ್ ಅಲ್ಲೇ ಇದೆ. ಕಿಂಡಿ ಇದಕ್ಕಿಂತ ಚಿಕ್ಕದಾದರೆ ಹತ್ತಿರದ ಚಿತ್ರದಲ್ಲಿ ಮೂಲೆಗಳು ಕಪ್ಪಾಗುತ್ತವೆ. ಕಿಂಡಿ ಹಾಕಿದ ಚಿತ್ರವನ್ನೂ ಹಾಕದ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಗಾಜನ್ನೇ ಬದಲಿಸಿದ ಹಾಗೆ ಕಾಣುತ್ತದೆ. ಹೊರಗಡೆ ಲೆನ್ಸಿಗೆ 30 ಮಿ.ಮೀ. ಉದ್ದದ ಕಪ್ಪು ಕಾಗದದ ನೆರಳುಕೊಳವೆ ಸೇರಿಸಿದರೆ ಇನ್ನೂ ಒಳ್ಳೆಯದು.

ಕ್ಯಾಮೆರಾದಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಒತ್ತಲು ಬಿಡುವ ಸೆಟ್ಟಿಂಗ್ ಚಾಲೂ ಮಾಡಿ. ಒಳಗಿನ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ನಾಭಿದೂರ 70 ಅಥವಾ 75 ಎಂದು ಕೈಯಾರೆ ತುಂಬಿ. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೊ ಬೇಡ.

ಮೇಜು, ಬೆಳಕು

ಹೆಲಿಕಾಯ್ಡನ್ನು 18 ಮಿ.ಮೀ. ಚಾಚಿದರೆ ವಸ್ತು ಸೆನ್ಸರಿನ ಮೇಲೆ ನಿಜದ ಕಾಲು ಭಾಗದಷ್ಟು ಬೀಳುತ್ತದೆ, ಲೆನ್ಸಿನಿಂದ ವಸ್ತುವಿಗೆ 36 ಸೆಂ.ಮೀ. 36 ಚಾಚಿದರೆ ಅರ್ಧ, ದೂರ 21.6 ಸೆಂ.ಮೀ. ಪೂರ್ತಿ 54 ಚಾಚಿದರೆ ಮುಕ್ಕಾಲು, ದೂರ ಸುಮಾರು 17 ಸೆಂ.ಮೀ. ಚಾಚಿದಷ್ಟೂ ಬೆಳಕು ಕುಗ್ಗುತ್ತದೆ, ಪೂರ್ತಿ ಚಾಚಿದಾಗ ಒಂದೂವರೆ ಸ್ಟಾಪಿಗಿಂತ ತುಸು ಹೆಚ್ಚು (ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧ). ಚೂಪು ಇರುವ ಆಳ ಎಫ್/8.8ರಲ್ಲಿ ಕಾಲು ಗಾತ್ರಕ್ಕೆ ಸುಮಾರು 7 ಮಿ.ಮೀ., ಅರ್ಧ ಗಾತ್ರಕ್ಕೆ 2 ಮಿ.ಮೀ. ಮಾತ್ರ. ಬೊಂಬೆಯ ಕಣ್ಣು ಚೂಪಾದರೆ ಮೂಗು ಆಗಲೇ ಮೆತ್ತಗೆ. ಯಾವ 2 ಮಿ.ಮೀ. ಉಳಿಸಿಕೊಳ್ಳಬೇಕು ಎಂಬುದೇ ಇಲ್ಲಿ ಛಾಯಾಗ್ರಾಹಕ ಮಾಡುವ ಆಯ್ಕೆ. ಮುಖವನ್ನೇ ಆರಿಸಬೇಕೆಂದಿಲ್ಲ. ಬುಗುರಿಯಲ್ಲಿ ದಾರ ಸುತ್ತಿ ಸುತ್ತಿ ಸವೆದ ಗೀಟು, ಹಿತ್ತಾಳೆ ಕೊಡದ ನೆಗ್ಗಿದ ಕಂಠ, ಮರದ ಕುದುರೆಯ ಕಚ್ಚಿದ ಕಿವಿ, ಇವು ಮಗುವಿನ ಕೈ ಬಾಯಿ ಮುಟ್ಟಿದ ಜಾಗಗಳು. ಚೂಪು ಅಲ್ಲಿರಲಿ.

ಕ್ಯಾಮೆರಾ ಮೇಜಿನ ಮಟ್ಟಕ್ಕಿಂತ 8ರಿಂದ 12 ಸೆಂ.ಮೀ. ಮೇಲಿದ್ದರೆ ಸಾಕು. ಟ್ರೈಪಾಡ್ ಅಷ್ಟು ಕೆಳಗೆ ಬಾರದಿದ್ದರೆ ಅಕ್ಕಿ ತುಂಬಿದ ಬಟ್ಟೆ ಚೀಲದ ಮೇಲೆ ಕೂರಿಸಿ. ಮೇಲಿನಿಂದ ನೋಡಿದ ಬೊಂಬೆ ಆಟಿಕೆಯಾಗಿ ಕಾಣುತ್ತದೆ, ಎದುರಿನಿಂದ ನೋಡಿದ್ದು ಜೊತೆಗಾರನಾಗಿ ಕಾಣುತ್ತದೆ.

ಬೆಳಕಿಗೆ ಒಂದು ಕಿಟಕಿ, ಅದರ ಗ್ರಿಲ್ಲಿಗೆ ಒಂದು ಪದರ ಬಟರ್ ಪೇಪರ್. ಬಟರ್ ಪೇಪರ್ ಇಲ್ಲದಿದ್ದರೆ ಗ್ರಿಲ್ಲಿನ ಗೆರೆಗಳು ಅರಗಿನ ಮೈಯಲ್ಲಿ ಅಚ್ಚೊತ್ತಿದಂತೆ ಬೀಳುತ್ತವೆ. ಎದುರುಗಡೆ ಒಂದು ತುಂಡು ಥರ್ಮಕೋಲ್. ಮೋಡದ ದಿನ ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ ಐಎಸ್‌ಒ 200ಕ್ಕೆ (ಬೆಳಕಿಗೆ ಸ್ಪಂದಿಸುವ ಸಾಮರ್ಥ್ಯದ ಅಂಕಿ ಅದು) ಕಾಲು ಸೆಕೆಂಡಿನ ಆಸುಪಾಸು ಬರುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಫ್ಯಾನ್ ಆರಿಸಿ. ರೈಲು ಹಳಿಯ ಪಕ್ಕದ ಕಟ್ಟಡವಾದರೆ ಲೋಕಲ್ ಹಾದುಹೋಗುವವರೆಗೆ ತಡೆಯಿರಿ, ಕಾಲು ಸೆಕೆಂಡಿನಲ್ಲಿ ಆ ಕಂಪನ ಚಿತ್ರಕ್ಕೆ ಇಳಿಯುತ್ತದೆ. ರಾತ್ರಿ ಎಲ್‌ಇಡಿ ಬಳಸುವುದಾದರೆ ಅಗ್ಗದ ಬಲ್ಬುಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ ಎಂಬುದು ನೆನಪಿರಲಿ. 1/100, 1/50, 1/25, ಇವುಗಳಲ್ಲಿ ಒಂದನ್ನು ಮೆಕ್ಯಾನಿಕಲ್ ಶಟರಿನಲ್ಲಿ ಇಟ್ಟರೆ ಪಟ್ಟಿ ಬೀಳುವುದಿಲ್ಲ.

ಅರಗಿನ ಮೇಲಿನ ಬಿಳಿ ಹೊಳಪನ್ನು ಪೋಲರೈಸರ್ ಎಂಬ ಫಿಲ್ಟರ್ ತಗ್ಗಿಸುತ್ತದೆ, ಪೂರ್ತಿ ತೆಗೆದರೆ ಬೊಂಬೆ ಸುಣ್ಣದ ಹಾಗೆ ಸತ್ತುಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿ. ಹಿತ್ತಾಳೆಗೆ ಪೋಲರೈಸರ್ ನಾಟುವುದಿಲ್ಲ. ಅದಕ್ಕೆ ಮೂರು ಕಡೆ ಬಟರ್ ಪೇಪರಿನ ಗೋಡೆ ಕಟ್ಟಿ, ಒಂದು ಬದಿಯಲ್ಲಿ ಎರಡು ಬೆರಳಗಲದ ಕಪ್ಪು ಕಾಗದದ ಪಟ್ಟಿ ನಿಲ್ಲಿಸಿದರೆ ಅಂಚು ಸ್ಪಷ್ಟವಾಗುತ್ತದೆ. ಸ್ಲೇಟಿಗೆ ಕ್ಯಾಮೆರಾದ ಬೆಳಕಿನ ಮೀಟರ್ ತೋರಿಸಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಕೊಡಬೇಕು, ಇಲ್ಲದಿದ್ದರೆ ಕರಿ ಸ್ಲೇಟು ಬೂದು ಸ್ಲೇಟಾಗುತ್ತದೆ. ಬೆಳಕು ಮೇಜಿಗೆ ತಾಗಿಕೊಂಡಂತೆ ಓರೆಯಾಗಿ ಬಂದರೆ ಅಳಿಸಿದ ಅಕ್ಷರಗಳ ಗೀರೂ ಏಳುತ್ತದೆ.

ಚೆನ್ನೆಮಣೆಯ ವಿಷಯ ಬೇರೆ. ಹದಿನಾಲ್ಕು ಗುಳಿಗಳ ಮಣೆಯನ್ನು ಮೇಲಿನಿಂದ ತೆಗೆದು, ಬೆಳಕು ಚಿತ್ರದ ಕೆಳಗಿನ ಅಂಚಿನಿಂದ ಬಂದರೆ ಗುಳಿಗಳು ಉಬ್ಬುಗಳಾಗಿ ಕಾಣುತ್ತವೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಕಣ್ಣು ಊಹಿಸಿಕೊಂಡೇ ನೋಡುವುದರಿಂದ ಹೀಗೆ. ಕಿಟಕಿ ಚಿತ್ರದ ಮೇಲ್ಭಾಗಕ್ಕೆ ಬರುವಂತೆ ಮಣೆಯನ್ನು ತಿರುಗಿಸಿ ಇಡಿ. ಒಂದೆರಡು ಗುಳಿಗಳಲ್ಲಿ ಮಂಜೊಟ್ಟಿ ಬೀಜ ಬಿಟ್ಟರೆ ಗುಳಿಯ ಆಳಕ್ಕೆ ಸಾಕ್ಷಿ ಸಿಗುತ್ತದೆ.

ಗೋಲಿ

ಸೋಡಾ ಬಾಟಲಿಯ ಗೋಲಿಯಲ್ಲಿ ಬಣ್ಣದ ಎಳೆ ಇರುವುದಿಲ್ಲ, ಆದ್ದರಿಂದ ಈ ಕೆಲಸಕ್ಕೆ ಅದೇ ಉತ್ತಮ. 16 ಮಿ.ಮೀ. ವ್ಯಾಸದ ಗಾಜಿನ ಗೋಲಿಯ ನಾಭಿದೂರ ನಡುವಿನಿಂದ ಸುಮಾರು 11.7 ಮಿ.ಮೀ., ಅಂದರೆ ಹಿಂದಿರುವ ದೃಶ್ಯದ ತಲೆಕೆಳಗಾದ ಚಿತ್ರ ಗೋಲಿಯ ಮೈಯಿಂದ 4 ಮಿ.ಮೀ. ಹೊರಗೆ, ಕ್ಯಾಮೆರಾದ ಕಡೆಗೆ, ಗಾಳಿಯಲ್ಲಿ ನಿಂತಿರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಆಟೊಫೋಕಸ್ ಗೋಲಿಯ ಮೈಗೆ ಅಂಟಿಕೊಳ್ಳುತ್ತದೆ, ಒಳಗಿನ ಬೊಂಬೆ ಮಸುಕು. ಕೈಯಾರೆ ಫೋಕಸನ್ನು ಗೋಲಿಗಿಂತ ಸ್ವಲ್ಪ ಈಚೆಗೆ ತರಬೇಕು. ಆಗ ಗೋಲಿಯ ಅಂಚು ಮೆತ್ತಗಾಗಿ ಬೊಂಬೆ ನಿಚ್ಚಳವಾಗುತ್ತದೆ.

12 ಸೆಂ.ಮೀ. ಎತ್ತರದ ಬೊಂಬೆಯನ್ನು ಗೋಲಿಯ ಹಿಂದೆ 15 ಸೆಂ.ಮೀ. ದೂರದಲ್ಲಿ ಇಟ್ಟರೆ ಒಳಗಿನ ಚಿತ್ರ ಸುಮಾರು 10 ಮಿ.ಮೀ. ಎತ್ತರ ಬರುತ್ತದೆ. ಹೆಲಿಕಾಯ್ಡ್ ಪೂರ್ತಿ ಚಾಚಿದಾಗ ಗೋಲಿ ಚೌಕಟ್ಟಿನ ಎತ್ತರದ ಮುಕ್ಕಾಲನ್ನು, ಬೊಂಬೆ ಅರ್ಧವನ್ನು ತುಂಬುತ್ತದೆ. ಬೊಂಬೆ ನೆಟ್ಟಗೆ ಕಾಣಬೇಕೆಂದರೆ ಚಿತ್ರವನ್ನು ಆಮೇಲೆ ತಿರುಗಿಸಬಹುದು, ಆದರೆ ನೆರಳೂ ತಿರುಗಿ ಮೇಜು ಛಾವಣಿಯಾಗುತ್ತದೆ. ತಲೆಕೆಳಗಾಗಿಯೇ ಬಿಡುವುದು ನಮಗೆ ಹಿತ. ಗೋಲಿಯೊಳಗೆ ಇಣುಕಿದ ಮಗು ಕಂಡದ್ದೂ ಹಾಗೆಯೇ.

ಗೋಲಿ ನಿಲ್ಲಲು ನಲ್ಲಿಯ ರಬ್ಬರ್ ವಾಷರ್ ಸಾಕು. ಉರುಳಿ ಉರುಳಿ ಮೈಯೆಲ್ಲ ಮಂಜಾದ ಗೋಲಿಗೆ ಕೊಬ್ಬರಿ ಎಣ್ಣೆ ಒಂದು ಬೊಟ್ಟು ಸವರಿ. ಎಣ್ಣೆ ಬೆಳಕನ್ನು ಬಾಗಿಸುವ ಪ್ರಮಾಣ ಗಾಜಿನದಕ್ಕೆ ಹತ್ತಿರವಿರುವುದರಿಂದ ಗೀರುಗಳು ತುಂಬಿ ಗೋಲಿ ತಿಳಿಯಾಗುತ್ತದೆ. ಮುಗಿದ ಮೇಲೆ ಸೋಪಿನಲ್ಲಿ ತೊಳೆಯಿರಿ. ಗಾಜಿನೊಳಗಿನ ಗುಳ್ಳೆಗಳು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಬಳೆಚೂರಿನ ಬಹುರೂಪದರ್ಶಕಕ್ಕೆ (ಕೆಲಿಡೋಸ್ಕೋಪ್) ಮೊಬೈಲೇ ಉತ್ತಮ, ಅದರ ಪುಟ್ಟ ಲೆನ್ಸು ಕೊಳವೆಯ ಬಾಯಿಗೆ ಪೂರ್ತಿ ತಾಗುತ್ತದೆ. 30 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಮೂರು ಕನ್ನಡಿ ಪಟ್ಟಿ, 2 ಮಿ.ಮೀ. ದಪ್ಪದ್ದು, ತ್ರಿಕೋನದ ಕೊಳವೆಯಾಗಿ ಕಟ್ಟಬೇಕು. ದಪ್ಪ ಕನ್ನಡಿಯಲ್ಲಿ ಪ್ರತಿಬಿಂಬ ಎರಡೆರಡಾಗಿ ಕಾಣುತ್ತದೆ.

ಅಜ್ಜನ ಕನ್ನಡಕ, ಫಿಲ್ಮ್ ರೋಲು

ಈಗ ಕೆಲಸ ಮಾಡುವ ಕ್ಲಿಕ್ ಥ್ರೀ. ಅದರ ಫೋಕಸ್ ಕೆಲವು ಮೀಟರುಗಳಲ್ಲಿ ನಿಂತುಬಿಟ್ಟಿದೆ, ಬೊಂಬೆಯ ಹತ್ತಿರ ಹೋಗಲು ಬಿಡುವುದಿಲ್ಲ. ಓದುವ ಕನ್ನಡಕ ಮುಂದೆ ಹಿಡಿದರೆ ಬಿಡುತ್ತದೆ. ಕನ್ನಡಕದ ಪವರ್ ಗೊತ್ತಿಲ್ಲದಿದ್ದರೆ ದೂರದ ಕಟ್ಟಡದ ಚಿತ್ರವನ್ನು ಗೋಡೆಗೆ ಬೀಳಿಸಿ. 40 ಸೆಂ.ಮೀ.ಗೆ ಚೂಪಾದರೆ +2.5. ಆ ಕನ್ನಡಕದಿಂದ ಕ್ಯಾಮೆರಾ ಸುಮಾರು 36 ಸೆಂ.ಮೀ.ಗೆ ಫೋಕಸ್ ಆಗುತ್ತದೆ, ಅಲ್ಲಿ ಅದು ನೋಡುವ ಜಾಗ 28 ಸೆಂ.ಮೀ. ಚೌಕ, ಚೂಪಿನ ಆಳ ಎಫ್/11ರಲ್ಲಿ ಸುಮಾರು 3 ಸೆಂ.ಮೀ. ಗಾಜನ್ನು ಫ್ರೇಮಿನಿಂದ ಕಳಚಬೇಡಿ, ಮಾಸ್ಕಿಂಗ್ ಟೇಪಿನಿಂದ ಕ್ಯಾಮೆರಾ ಮುಖಕ್ಕೆ ಕಟ್ಟಿದರೆ ಸಾಕು.

ಆದರೆ ವ್ಯೂಫೈಂಡರನ್ನು ಇಷ್ಟು ಹತ್ತಿರದಲ್ಲಿ ನಂಬಲಾಗದು, ಅದು ಲೆನ್ಸಿಗಿಂತ ಮೇಲಿದೆ. ದಪ್ಪ ತಂತಿಯಲ್ಲಿ 28 ಸೆಂ.ಮೀ. ಚೌಕ ಬಾಗಿಸಿ, ಎರಡು ಕೋಲಿನಿಂದ ಲೆನ್ಸಿನ ಎದುರಿಗೆ 36 ಸೆಂ.ಮೀ.ಗೆ ನಿಲ್ಲಿಸಿ. ಬೊಂಬೆ ತಂತಿಯ ಚೌಕದೊಳಗೆ, ಅದರ ಸಮತಲದಲ್ಲಿ ಇದ್ದರೆ ಚಿತ್ರದಲ್ಲೂ ಇರುತ್ತದೆ. ತಂತಿ ಅಂಚಿನಲ್ಲಿ ಕಾಣಿಸಿದರೆ ಅರ್ಧ ಸೆಂ.ಮೀ. ಹಿಗ್ಗಿಸಿ.

ಶಟರ್ ವೇಗ ಸುಮಾರು 1/30, ಹಳೆಯ ಸ್ಪ್ರಿಂಗಿನಲ್ಲಿ ಇನ್ನೂ ನಿಧಾನವಿರಬಹುದು. ಮೊಬೈಲಿನ 240 ಫ್ರೇಮಿನ ಸ್ಲೋಮೋದಲ್ಲಿ ಹಿಂದಿನಿಂದ ಚಿತ್ರೀಕರಿಸಿ, ಎಷ್ಟು ಫ್ರೇಮು ತೆರೆದಿತ್ತು ಎಂದು ಎಣಿಸಿ. ಎಂಟು ಫ್ರೇಮು ಎಂದರೆ 1/30. ಆ ವೇಗಕ್ಕೆ ಐಎಸ್‌ಒ 100ರ ಫಿಲ್ಮು, ಎಫ್/11, ಬಾಲ್ಕನಿಯ ತೆರೆದ ನೆರಳು ಸರಿಯಾಗಿ ಹೊಂದುತ್ತವೆ. ನೇರ ಬಿಸಿಲಿಗೆ 400ರ ಫಿಲ್ಮು ಹಾಕಿದರೆ ನಾಲ್ಕು ಸ್ಟಾಪಿಗೂ ಹೆಚ್ಚು ಬೆಳಕು ಬಿದ್ದು ನೆಗೆಟಿವ್ ಗೋಡೆಯಂತೆ ಕಪ್ಪಾಗುತ್ತದೆ. ಹಿಂಬದಿಯ ಕೆಂಪು ಕಿಂಡಿಗೆ ಕಪ್ಪು ಟೇಪು ಅಂಟಿಸಿ. ಇಂದಿನ ಫಿಲ್ಮು ಕೆಂಪು ಬೆಳಕಿಗೂ ಸ್ಪಂದಿಸುತ್ತದೆ, ಅಂಕಿ ನೋಡಿ ಸುತ್ತುವಾಗ ಮಾತ್ರ ನೆರಳಿನಲ್ಲಿ ಟೇಪು ಎತ್ತಬೇಕು.

ನೆಗೆಟಿವ್‌ನಲ್ಲಿ ಅಡ್ಡ ಗೆರೆಗಳು ಚೂಪಾಗಿ, ಉದ್ದ ಗೆರೆಗಳು ಮಸುಕಾಗಿ ಬಂದರೆ ಕನ್ನಡಕದಲ್ಲಿ ಸಿಲಿಂಡರ್ ನಂಬರ್ (ಒಂದು ದಿಕ್ಕಿಗೆ ಮಾತ್ರ ಇರುವ ಪವರ್) ಇದೆ ಎಂದರ್ಥ. ಮೊದಲೇ ತಿಳಿಯಬೇಕೆಂದರೆ ಕನ್ನಡಕದ ಮೂಲಕ ಬಾಗಿಲಿನ ಚೌಕಟ್ಟನ್ನು ನೋಡುತ್ತ ಗಾಜನ್ನು ಗಡಿಯಾರದಂತೆ ತಿರುಗಿಸಿ. ಗೆರೆ ಕತ್ತರಿಯಂತೆ ಓರೆಯಾದರೆ ಸಿಲಿಂಡರ್ ಇದೆ. ಅಂಥ ಕನ್ನಡಕವನ್ನು ಬದಿಗಿಡಬೇಡಿ. ಸ್ಲೇಟಿನ ಗೆರೆಗಳಿಗೆ, ಚೌಕಾಬಾರದ ಹಾಸಿಗೆ ಅದನ್ನು ಹಿಡಿದು ನೋಡಿ: ಒಂದು ದಿಕ್ಕಿನ ಗೆರೆ ಉಳಿದು ಇನ್ನೊಂದು ಕರಗುತ್ತದೆ. ಕನ್ನಡಕವನ್ನು ತಿರುಗಿಸಿ ಕಟ್ಟಿದರೆ ಯಾವುದು ಉಳಿಯಬೇಕೆಂದು ನೀವೇ ಆರಿಸಬಹುದು.

ಒಳಗಿಡುವ ಮುಂಚೆ

ಮುಂಬಯಿಯ ಮಳೆಗಾಲದಲ್ಲಿ ಗಾಳಿಯ ತೇವ ಶೇ 80 ದಾಟುವುದು ಸಾಮಾನ್ಯ, ಶಿಲೀಂಧ್ರಕ್ಕೆ ಅದೇ ಬೇಕು. ಲೆನ್ಸು, ಫಿಲ್ಮು, ನೆಗೆಟಿವ್‌ಗಳನ್ನು ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ, ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ತೇವಮಾಪಕದ ಜೊತೆ ಇಡಿ. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಹಸಿರಾದಾಗ ಓವನ್ನಿನಲ್ಲಿ 110 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಹಳೆಯ ಚರ್ಮದ ಕೇಸಿನೊಳಗೆ ಕ್ಯಾಮೆರಾ ಇಡಬೇಡಿ, ಚರ್ಮ ತೇವ ಹೀರಿ ಅದನ್ನು ಗಾಜಿಗೆ ದಾಟಿಸುತ್ತದೆ. ಕೇಸು ಟ್ರಂಕಿಗೆ ಹೋಗಲಿ.

ಮರದ ಬೊಂಬೆಗಳನ್ನು ಮಾತ್ರ ಈ ಒಣ ಡಬ್ಬಿಗೆ ಹಾಕಬಾರದು. ಕರಾವಳಿಯ ತೇವಕ್ಕೆ ಒಗ್ಗಿದ ಮರ ಒಮ್ಮೆಲೇ ಒಣಗಿದರೆ ಕುಗ್ಗಿ, ಅರಗು ಸೀಳು ಬಿಡುತ್ತದೆ. ಅವನ್ನು ಹತ್ತಿ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ ಟ್ರಂಕಿನಲ್ಲೇ ಇಡಿ, ಪ್ಲಾಸ್ಟಿಕ್ ಚೀಲ ಬೇಡ. ಪ್ರತಿ ಸುತ್ತಿನೊಳಗೆ ಒಂದು ಚೀಟಿ ಸೇರಲಿ: ಬೊಂಬೆ ಯಾರದು, ಯಾವ ಊರಿನಿಂದ ಬಂತು, ಫೋಟೊ ಯಾವ ಗಾಜಿನಿಂದ ತೆಗೆದದ್ದು, ತೂತು ಎಷ್ಟು ಮಿ.ಮೀ., ಹೆಲಿಕಾಯ್ಡ್ ಎಷ್ಟು ಚಾಚಿತ್ತು. ಪೆನ್ಸಿಲಿನಲ್ಲಿ ಬರೆಯಿರಿ, ತೇವ ತಾಗಿದರೂ ಹರಡುವುದಿಲ್ಲ.